ಪಕ್ಕದಲ್ಲಿ ಮಲಗಿದವರು ಕಂಡ ಕಾಯಿಲೆ

ಎರಡು ವರ್ಷಗಳ ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ, ಸಾಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ, ನನ್ನ ಪತ್ನಿ ತನ್ನ ಮೊಬೈಲನ್ನು ಕಟ್ಟೆಯ ಮೇಲಿಟ್ಟು ಹಿಂದಿನ ರಾತ್ರಿ ಮಾಡಿಕೊಂಡಿದ್ದ ಒಂದು ಧ್ವನಿಮುದ್ರಣವನ್ನು ಕೇಳಿಸಿದಳು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು, ಅದನ್ನೂ ಮೀರಿಸುವ ನನ್ನ ಗೊರಕೆ. ನಾನು ಗೊರಕೆ ಹೊಡೆಯುತ್ತೇನೆಂಬುದು ಮನೆಯವರಿಗೆಲ್ಲ ಗೊತ್ತಿದ್ದ, ನೆಂಟರಿಷ್ಟರು ಬಂದಾಗ ತಮಾಷೆಗೆ ಒದಗುತ್ತಿದ್ದ ಸಂಗತಿಯೇ. ಸ್ವಲ್ಪ ಹೊತ್ತಿನಲ್ಲಿ ಗೊರಕೆ ಒಮ್ಮೆಲೇ ನಿಂತು ಬರೀ ಮಳೆಯ ಸದ್ದು ಉಳಿಯಿತು. "ನೋಡು, ನಿಂತಿತಲ್ಲ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. "ರೀ, ಈಗ ಗಡಿಯಾರ ನೋಡಿಕೊಂಡು ಎಣಿಸಿ" ಎಂದಳು. ಎಣಿಸಿದೆ. 43ನೆಯ ಸೆಕೆಂಡಿಗೆ, ಕೆರೆಯಲ್ಲಿ ಮುಳುಗಿದವನು ಮೇಲೆದ್ದು ಗಾಳಿ ಎಳೆದುಕೊಳ್ಳುವಂಥ ಒಂದು ಸದ್ದು ಬಂದು, ಮತ್ತೆ ಗೊರಕೆ ಶುರುವಾಯಿತು. ಆ 43 ಸೆಕೆಂಡು ನಾನು ಉಸಿರಾಡಿರಲಿಲ್ಲ. ಅಂಥ ರಾತ್ರಿಗಳಲ್ಲಿ ಅವಳು ನನ್ನ ಭುಜ ಅಲುಗಿಸಲೆಂದೇ ಎಚ್ಚರವಿರುತ್ತಿದ್ದಳು ಎಂಬುದು ನನಗೆ ತಿಳಿದದ್ದೂ ಆಗಲೇ.

ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಎಂಬ ಈ ಕಾಯಿಲೆಯ ವಿಚಿತ್ರವೇ ಇದು. ಹೊಟ್ಟೆನೋವು, ಹಲ್ಲುನೋವುಗಳಿಗೆ ಅನುಭವಿಸುವವನೇ ಸಾಕ್ಷಿ. ಇಲ್ಲಿ ಮಾತ್ರ ರೋಗಿ ಆ ಹೊತ್ತಿನಲ್ಲಿ ಹಾಜರೇ ಇರುವುದಿಲ್ಲ. ಅವನಿಗೆ ಸಿಗುವುದು ಹಗಲಿನ ಕುರುಹುಗಳಷ್ಟೇ, ಮತ್ತು ಅವುಗಳಲ್ಲಿ ಪ್ರತಿಯೊಂದಕ್ಕೂ ಬೇರೆಯದೇ ಒಂದು ಕಾರಣವನ್ನು ಹೇಳಿಕೊಳ್ಳಲು ಸಾಧ್ಯವಿರುತ್ತದೆ. ನಾನೂ ಹಾಗೆಯೇ ಮಾಡಿದ್ದೆ. ಬೆಳಿಗ್ಗೆ ಏಳುವಾಗ ತಲೆ ಭಾರವಾಗಿರುವುದಕ್ಕೆ ಪಿತ್ತವೆಂದೂ, ಬಾಯಿ ಒಣಗುವುದಕ್ಕೆ ರಾತ್ರಿಯ ಊಟದ ಉಪ್ಪಿನಕಾಯಿಯೆಂದೂ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದಕ್ಕೆ ವಯಸ್ಸು ಐವತ್ತು ದಾಟಿತೆಂದೂ ಸಮಾಧಾನ ಹೇಳಿಕೊಂಡಿದ್ದೆ. ಸಕ್ಕರೆ ಕಾಯಿಲೆಯಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ಪ್ರಾಸ್ಟೇಟ್ ಇರಬಹುದೆಂದು ಸ್ಕ್ಯಾನ್ ಮಾಡಿಸಿದೆ, ಅದೂ ಸರಿಯಿತ್ತು. ರಕ್ತದೊತ್ತಡ ಮಾತ್ರ ಒಂದು ಮಾತ್ರೆಗೆ ಬಗ್ಗದೆ ಎರಡಾಗಿ, ಎರಡಕ್ಕೂ ಬಗ್ಗದೆ ಮೂರಾಗಿತ್ತು. ಆ ಮಾತ್ರೆಗಳನ್ನು ಬರೆದುಕೊಟ್ಟ ವೈದ್ಯರು ಉಪ್ಪಿನ ಬಗ್ಗೆ, ನಡಿಗೆಯ ಬಗ್ಗೆ, ಮನಸ್ಸಿನ ಒತ್ತಡದ ಬಗ್ಗೆ ಕೇಳಿದರೇ ಹೊರತು ನಿದ್ದೆಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ನಾನಾಗಿಯೇ "ನಿದ್ದೆ ಸಾಲುತ್ತಿಲ್ಲ" ಎಂದಾಗ ಸಿಕ್ಕಿದ್ದು ನಿದ್ದೆಯ ಮಾತ್ರೆ. ಅಂಥ ಮಾತ್ರೆಗಳಲ್ಲಿ ಕೆಲವು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು, ಮದ್ಯವೂ ಅದನ್ನೇ ಮಾಡುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಹಗಲಿನ ತೂಕಡಿಕೆಗಂತೂ ಹೆಸರೇ ಇತ್ತು. ನಾನು ಕೆಲಸ ಮಾಡುವ ಸಹಕಾರ ಸಂಘದ ಕಚೇರಿಯಲ್ಲಿ ಮಧ್ಯಾಹ್ನದ ನಂತರ ಲೆಜರಿನ ಮುಂದೆ ಕುಳಿತರೆ ಅಂಕಿಗಳು ಒಂದರ ಮೇಲೊಂದು ಏರುತ್ತಿದ್ದವು, ಸಹೋದ್ಯೋಗಿಗಳು ಕುಂಭಕರ್ಣನೆಂದು ಕರೆಯುತ್ತಿದ್ದರು. ಕುಂಭಕರ್ಣ ನಿದ್ದೆಯನ್ನಾದರೂ ಪೂರ್ತಿ ಮಾಡಿದವನು. ನನ್ನದು ರಾತ್ರಿಯೆಲ್ಲ ಹಾಸಿಗೆಯಲ್ಲಿದ್ದೂ ನಿದ್ದೆಗೆಟ್ಟವನ ಅವಸ್ಥೆ. ಶಿವಮೊಗ್ಗದಿಂದ ಕಾರಿನಲ್ಲಿ ಹಿಂದಿರುಗುವಾಗ ಆನಂದಪುರದ ಹತ್ತಿರ ಒಮ್ಮೆ ಎಡಗಡೆಯ ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿದ ಸದ್ದಿಗೆ ಎಚ್ಚರವಾದೆ. ಎಚ್ಚರವಾದೆ ಎಂದು ಬರೆಯುವಾಗಲೇ ಕೈ ತಣ್ಣಗಾಗುತ್ತದೆ, ಏಕೆಂದರೆ ಅದಕ್ಕೆ ಮೊದಲು ನಿದ್ದೆ ಬಂದಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಘಟನೆಯನ್ನು ಮನೆಯಲ್ಲಿ ಹೇಳಲಿಲ್ಲ. ಧ್ವನಿಮುದ್ರಣ ಕೇಳಿದ ದಿನವೇ ಹೇಳಿದ್ದು.

ಗಂಟಲಿನಲ್ಲಿ ನಡೆಯುವುದೇನೆಂದು ಶಿವಮೊಗ್ಗದ ಶ್ವಾಸಕೋಶ ತಜ್ಞರೊಬ್ಬರು ಬಿಡಿಸಿ ಹೇಳಿದರು. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ಗಾಳಿಯ ದಾರಿಗೆ ಶ್ವಾಸನಾಳಕ್ಕಿರುವಂತೆ ಗಟ್ಟಿಯಾದ ಮೃದ್ವಸ್ಥಿಯ ಉಂಗುರಗಳಿಲ್ಲ. ಮೆದು ಅಂಗುಳ, ಕಿರುನಾಲಿಗೆ, ನಾಲಿಗೆಯ ಬುಡ, ಗಂಟಲಿನ ಗೋಡೆ ಎಲ್ಲವೂ ಮಾಂಸಲವಾದ ಭಾಗಗಳು. ಎಚ್ಚರವಿರುವಾಗ ಸ್ನಾಯುಗಳು ಆ ದಾರಿಯನ್ನು ಬಿಗಿಯಾಗಿ ತೆರೆದು ಹಿಡಿದಿರುತ್ತವೆ, ನಿದ್ದೆ ಬಂದೊಡನೆ ಸಡಿಲುತ್ತವೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿಕೊಂಡರೆ ಮೌನ. ಎದೆ, ಹೊಟ್ಟೆಗಳು ಉಸಿರೆಳೆಯಲು ಹೆಣಗುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಕ್ಷಣಕಾಲ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಯುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚಿಕೊಳ್ಳುವುದು. ಪ್ರತಿ ಸಲವೂ ಎದೆಬಡಿತ, ರಕ್ತದೊತ್ತಡಗಳು ಚಂಗನೆ ಏರುತ್ತವೆ. ಉಸಿರಿಗಾಗಿ ಎದೆ ಎಳೆದಾಡುವಾಗ ಹೃದಯದ ಮೇಲ್ಕೋಣೆಗಳು ಹಿಗ್ಗುವುದರಿಂದ ಮೂತ್ರ ಹೆಚ್ಚಿಸುವ ಒಂದು ಹಾರ್ಮೋನು ಬಿಡುಗಡೆಯಾಗುತ್ತದಂತೆ. ನನ್ನ ರಾತ್ರಿಯ ಮೂತ್ರದ ಗುಟ್ಟು ಪ್ರಾಸ್ಟೇಟಿನಲ್ಲಿರಲಿಲ್ಲ, ಗಂಟಲಿನಲ್ಲಿತ್ತು.

ಪರೀಕ್ಷೆಗೆ ಮೊದಲು ಅವರು ಎಂಟು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಮೆಲ್ಬರ್ನಿನ ಮರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಎಪ್ವರ್ತ್ ಮಾಪಕ ಅದು: ಓದುವಾಗ, ಟಿವಿ ನೋಡುವಾಗ, ವಾಹನದಲ್ಲಿ ಕುಳಿತಿರುವಾಗ, ಊಟದ ನಂತರ ಸುಮ್ಮನೆ ಕುಳಿತಾಗ ತೂಕಡಿಕೆ ಬರುವ ಸಂಭವವೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಒಟ್ಟು 24ರಲ್ಲಿ ಹತ್ತನ್ನು ದಾಟಿದರೆ ಹಗಲಿನ ನಿದ್ದೆ ಅತಿಯಾಗಿದೆಯೆಂದು ಅರ್ಥ. ನಾನು ನನಗೆ ಕೊಟ್ಟುಕೊಂಡದ್ದು 9. ಪಕ್ಕದಲ್ಲಿದ್ದ ಪತ್ನಿ ಹಾಳೆಯನ್ನು ಎಳೆದುಕೊಂಡು ತಿದ್ದಿದಾಗ 16 ಆಯಿತು. ವೈದ್ಯರು ಅವಳ ಅಂಕವನ್ನೇ ಬರೆದುಕೊಂಡರು.

ನಿದ್ರಾ ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಈಗ ಮನೆಯಲ್ಲಿಯೇ ಬೆರಳಿಗೆ, ಎದೆಗೆ, ಮೂಗಿಗೆ ಸಣ್ಣ ಉಪಕರಣ ಕಟ್ಟಿಕೊಂಡು ಮಾಡುವ ಪರೀಕ್ಷೆಯೂ ಇದೆ. ಲಕ್ಷಣಗಳು ಸ್ಪಷ್ಟವಾಗಿದ್ದು, ಹೃದಯ ಅಥವಾ ಶ್ವಾಸಕೋಶದ ಬೇರೆ ದೊಡ್ಡ ತೊಂದರೆಗಳಿಲ್ಲದವರಿಗೆ ಅದೇ ಸಾಕಾಗುತ್ತದೆ. ನಾನು ಮಾಡಿಕೊಂಡ ಎಡವಟ್ಟೆಂದರೆ, ಆ ದಿನ ಭಾನುವಾರವಾದ್ದರಿಂದ ಅಭ್ಯಾಸದಂತೆ ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿಕೊಂಡು ಹೋದದ್ದು. ಮಿದುಳಿನ ಅಲೆಗಳನ್ನು ದಾಖಲಿಸುವ ತಂತಿಗಳನ್ನು ತಲೆಬುರುಡೆಗೆ ಒಂದು ಬಗೆಯ ಅಂಟಿನಿಂದ ಅಂಟಿಸುತ್ತಾರೆ, ಎಣ್ಣೆಯ ಮೇಲೆ ಅದು ನಿಲ್ಲುವುದಿಲ್ಲ. ತಂತ್ರಜ್ಞನಾದ ಹುಡುಗ ಅರ್ಧ ಗಂಟೆ ಸ್ಪಿರಿಟಿನಲ್ಲಿ ನನ್ನ ನೆತ್ತಿ ಉಜ್ಜಿದ. ಕಣ್ಣಿನ ಪಕ್ಕ, ಗಲ್ಲ, ಎದೆ, ಕಾಲುಗಳಿಗೆಲ್ಲ ತಂತಿ ಕಟ್ಟಿಸಿಕೊಂಡು, ಹೀಗೆ ಯಾರಿಗಾದರೂ ನಿದ್ದೆ ಬಂದೀತೇ ಎಂದು ಯೋಚಿಸುತ್ತಿರುವಾಗಲೇ ನಿದ್ದೆ ಹೋದೆ.

ವರದಿಯಲ್ಲಿ ಮುಖ್ಯವಾದ ಅಂಕಿ ಎಎಚ್‌ಐ ಎಂಬುದು. ಕನಿಷ್ಠ ಹತ್ತು ಸೆಕೆಂಡು ಉಸಿರು ಪೂರ್ತಿ ನಿಂತ, ಅಥವಾ ಗಣನೀಯವಾಗಿ ಕುಗ್ಗಿದ ಪ್ರಸಂಗಗಳು ಗಂಟೆಗೆ ಸರಾಸರಿ ಎಷ್ಟು ಎಂಬ ಲೆಕ್ಕ ಅದು. ಐದರೊಳಗಿದ್ದರೆ ವಯಸ್ಕರಲ್ಲಿ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ನನ್ನದು 38. ಆಮ್ಲಜನಕ ಅತ್ಯಂತ ಕೆಳಗಿಳಿದದ್ದು ಶೇ 71ಕ್ಕೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು 94ಕ್ಕಿಂತ ಕೆಳಗಿಳಿದರೆ ಹೌಹಾರುತ್ತಿದ್ದವರಿಗೆ ಈ ಸಂಖ್ಯೆಯ ಅರ್ಥ ವಿವರಿಸಬೇಕಾಗಿಲ್ಲ.

ನಾನೊಬ್ಬನೇ ಅಲ್ಲ ಎಂಬುದೂ ಆಗ ತಿಳಿಯಿತು. ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆಯಿರಬಹುದೆಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಅಂದಾಜು ಮಾಡಿದ್ದಾರೆ. ಕನ್ನಡ ಚಿತ್ರಗಳಿಗೂ ಸಂಗೀತ ನೀಡಿದ್ದ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಅವರಿಗೆ ಈ ಕಾಯಿಲೆಯಿತ್ತೆಂದು ವೈದ್ಯರು ಹೇಳಿದ ಸುದ್ದಿಯನ್ನು ನಾನೂ ಪತ್ರಿಕೆಯಲ್ಲಿ ಓದಿದ್ದೆ, ಓದಿ ಪುಟ ತಿರುವಿದ್ದೆ. ದಪ್ಪಗಿರುವವರಿಗೆ ಮಾತ್ರ ಬರುವ ಕಾಯಿಲೆಯೆಂದು ತಿಳಿದವರೇ ಹೆಚ್ಚು. ತೂಕ, ಕತ್ತಿನ ಸುತ್ತಳತೆಗಳು ದೊಡ್ಡ ಕಾರಣಗಳು ಹೌದು. ಆದರೆ ಕೆಳದವಡೆ ಹಿಂದಕ್ಕೆ ಸರಿದಿರುವವರಲ್ಲಿ, ಟಾನ್ಸಿಲ್ ದೊಡ್ಡದಾಗಿರುವವರಲ್ಲಿ ಮೈ ತೆಳ್ಳಗಿದ್ದರೂ ಬರುತ್ತದೆ. ಮಕ್ಕಳಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯಲ್ಲಿರುವ ಅಡಿನಾಯ್ಡ್ ಗ್ರಂಥಿಗಳೇ ಸಾಮಾನ್ಯ ಕಾರಣವಾದ್ದರಿಂದ ಅವರಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಅವುಗಳ ಶಸ್ತ್ರಕ್ರಿಯೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದರ ಸಂಭವ ಹೆಚ್ಚುತ್ತದೆ. ಅವರು ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದು, ಬೆಳಗಿನ ತಲೆನೋವು ಎಂದು ಹೇಳಿಕೊಳ್ಳುವುದರಿಂದ ಬೇರೆಯದೇ ಚಿಕಿತ್ಸೆ ಪಡೆಯುತ್ತಿರುತ್ತಾರೆ. ಇದರ ಜೊತೆಗೆ ನನ್ನದೊಂದು ಗುಮಾನಿಯೂ ಇದೆ. ಗಂಡನ ಉಸಿರು ನಿಂತರೆ ಹೆಂಡತಿಗೆ ಎಚ್ಚರವಾಗುತ್ತದೆ. ಹೆಂಡತಿಯ ಉಸಿರು ನಿಂತರೆ ನಮ್ಮಂಥ ಗಂಡಂದಿರು ಗೊರಕೆ ಹೊಡೆಯುತ್ತಿರುತ್ತೇವೆ. ಸಾಕ್ಷಿಯೇ ನಿದ್ದೆ ಮಾಡುತ್ತಿದ್ದರೆ ಕಾಯಿಲೆ ದಾಖಲಾಗುವುದು ಹೇಗೆ? ಒಂಟಿಯಾಗಿರುವವರ ಪಾಡೂ ಇದೇ.

ನನಗೆ ಹೇಳಿದ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಇದು ಆಮ್ಲಜನಕ ಕೊಡುವ ಯಂತ್ರವೆಂದು ಊರಿನಲ್ಲಿ ಅನೇಕರು ತಿಳಿದು, "ಅಷ್ಟೊಂದು ಸೀರಿಯಸ್ಸಾ?" ಎಂದು ಮರುಕಪಟ್ಟರು. ಅದರಲ್ಲಿ ಆಮ್ಲಜನಕದ ಸಿಲಿಂಡರೇನೂ ಇಲ್ಲ. ಕೋಣೆಯ ಗಾಳಿಯನ್ನೇ ಶೋಧಿಸಿ, ಒಂದು ಸಣ್ಣ ಫ್ಯಾನಿನಿಂದ ಕೊಳವೆ ಮತ್ತು ಮಾಸ್ಕಿನ ಮೂಲಕ ಹದವಾದ ಒತ್ತಡದಲ್ಲಿ ಗಂಟಲಿಗೆ ಊದುತ್ತದೆ, ಅಷ್ಟೇ. ಅಡಿಕೆ ತೋಟಕ್ಕೆ ನೀರು ಹಾಯಿಸುವ, ಸುತ್ತಿಡಲು ಬರುವ ತೆಳು ಪ್ಲಾಸ್ಟಿಕ್ ಪೈಪನ್ನು ಕಂಡವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಮೋಟಾರು ನಿಂತಾಗ ಆ ಪೈಪು ಚಪ್ಪಟೆಯಾಗಿ ಬಿದ್ದಿರುತ್ತದೆ, ನೀರಿನ ಒತ್ತಡ ಬಂದೊಡನೆ ದುಂಡಗಾಗಿ ನಿಲ್ಲುತ್ತದೆ. ಗಂಟಲಿಗೂ ಒಳಗಿನಿಂದ ಅಂಥ ಒಂದು ಆಸರೆ. ಒತ್ತಡವೂ ಭಾರಿಯದೇನಲ್ಲ, ನೀರಿನ ಕಂಬದ ಲೆಕ್ಕದಲ್ಲಿ 4ರಿಂದ 20 ಸೆಂಟಿಮೀಟರ್‌ವರೆಗೆ ಹೊಂದಿಸಬಹುದು, ನನಗೆ ಬೇಕಾಗುವುದು ಹೆಚ್ಚಿನ ರಾತ್ರಿ 9 ಅಥವಾ 10.

ಇದನ್ನು ಕಂಡುಹಿಡಿದವರು ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು. ಅದಕ್ಕೆ ಮೊದಲು ತೀವ್ರವಾದ ಸ್ಲೀಪ್ ಅಪ್ನಿಯಾಕ್ಕೆ ಖಚಿತವಾದ ಪರಿಹಾರವೆಂದರೆ ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಕೊರೆಯುವುದೇ ಆಗಿತ್ತು. ಸಲಿವನ್ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಊದುವಂತೆ ಮಾಡಿ, ರೋಗಿಯ ಮೂಗಿಗೆ ಅಂಟಿಸಿದ ಮಾಸ್ಕಿಗೆ ಜೋಡಿಸಿದರು. ಐವರು ರೋಗಿಗಳ ಮೇಲಿನ ಫಲಿತಾಂಶವನ್ನು ಅವರು ಮತ್ತು ಸಂಗಡಿಗರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾತ್ರಿ ಮಾಸ್ಕ್ ಕಿರಿಕಿರಿಯೆನಿಸಿದಾಗಲೆಲ್ಲ, ಪ್ರತಿ ರಾತ್ರಿ ಮುಖಕ್ಕೆ ಅಂಟು ಹಚ್ಚಿಸಿಕೊಂಡು ವ್ಯಾಕ್ಯೂಮ್ ಕ್ಲೀನರಿನ ಸದ್ದಿನ ಪಕ್ಕದಲ್ಲಿ ಮಲಗಿದ ಆ ಮೊದಲಿಗರನ್ನು ನೆನೆಯುತ್ತೇನೆ. ಅವರಿಗೆ ಹೋಲಿಸಿದರೆ ನನ್ನದು ಅರಮನೆಯ ಸುಖ.

ಆದರೆ ಮೊದಲ ಮೂರು ವಾರ ಆ ಸುಖ ನನಗೆ ಕಾಣಲಿಲ್ಲ. ಯಂತ್ರ ಮಾರಿದ ಅಂಗಡಿಯವರು ಒಂದು ಮಾಸ್ಕನ್ನು ತಲೆಗೆ ಬಿಗಿದು, ಸ್ವಿಚ್ ತೋರಿಸಿ, ರಸೀದಿ ಕೊಟ್ಟು ಕಳಿಸಿದ್ದರು. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಅದು. ನನ್ನ ಮೀಸೆಯ ಎಡೆಯಿಂದ ಗಾಳಿ ಸೋರಿ ನೇರ ಕಣ್ಣಿಗೆ ಹೊಡೆಯುತ್ತಿತ್ತು; ಸೋರಿಕೆ ನಿಲ್ಲಲೆಂದು ಪಟ್ಟಿಯನ್ನು ಇನ್ನಷ್ಟು ಬಿಗಿದರೆ ಮೂಗಿನ ಬುಡದಲ್ಲಿ ಕೆಂಪು ಗಾಯ. ರಾತ್ರಿ ಎರಡು ಗಂಟೆಗೆ ನನಗರಿವಿಲ್ಲದೆಯೇ ಅದನ್ನು ಕಿತ್ತೆಸೆಯುತ್ತಿದ್ದೆ, ಬೆಳಿಗ್ಗೆ ಅದು ಮಂಚದ ಕೆಳಗೆ ಸಿಗುತ್ತಿತ್ತು. ಗಾಳಿ ಹೊಟ್ಟೆಗೂ ಹೋಗಿ, ಎದ್ದರೆ ತೇಗೋ ತೇಗು. ಅದರ ಮೇಲೆ ನಮ್ಮ ಮಲೆನಾಡಿನ ಜುಲೈ ತಿಂಗಳ ಥಂಡಿ: ಗಾಳಿ ಒಣಗದಿರಲೆಂದು ಯಂತ್ರದಲ್ಲಿರುವ ಬಿಸಿನೀರಿನ ಪುಟ್ಟ ತೊಟ್ಟಿಯಲ್ಲಿ ಬೆಚ್ಚಗಾದ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹಾಯುವಾಗ ನೀರಾಗಿ, ಗುಳುಗುಳು ಸದ್ದು ಮಾಡುತ್ತ ಬಂದು ಮೂಗಿಗೇ ಎರಚುತ್ತಿತ್ತು. ಮನೆಯೊಳಗೂ ಮಳೆಯೇ ಎಂದು ಬೈದುಕೊಂಡು, ಯಂತ್ರವನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕುವ ನಿರ್ಧಾರಕ್ಕೆ ಬಂದಿದ್ದೆ.

ಆಗ ವೈದ್ಯರ ಬಳಿ ಮತ್ತೊಮ್ಮೆ ಹೋಗಿದ್ದರಿಂದ ಉಳಿದುಕೊಂಡೆ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಇದನ್ನೇ: ಯಂತ್ರ ಕೊಂಡದ್ದು ಚಿಕಿತ್ಸೆಯಲ್ಲ, ಅದನ್ನು ನಮ್ಮ ಮುಖಕ್ಕೆ, ನಮ್ಮ ಕೋಣೆಗೆ, ನಮ್ಮ ನಿದ್ದೆಯ ರೀತಿಗೆ ಹೊಂದಿಸಿಕೊಳ್ಳುವ ಆ ಒಂದೆರಡು ತಿಂಗಳ ಕೆಲಸವೇ ಚಿಕಿತ್ಸೆ, ಮತ್ತು ಆ ಕೆಲಸದಲ್ಲಿ ರೋಗಿಯನ್ನು ಒಂಟಿಯಾಗಿ ಬಿಟ್ಟರೆ ಹತ್ತಾರು ಸಾವಿರ ರೂಪಾಯಿಯ ಯಂತ್ರ ಅಟ್ಟ ಸೇರುತ್ತದೆ. ಬೇರೆಯೊಬ್ಬ ತಂತ್ರಜ್ಞೆ ನನ್ನನ್ನು ಮಂಚದ ಮೇಲೆ ಮಲಗಿಸಿ, ಯಂತ್ರ ಚಾಲೂ ಇಟ್ಟುಕೊಂಡೇ ನಾಲ್ಕು ಬಗೆಯ ಮಾಸ್ಕ್‌ಗಳನ್ನು ಹಾಕಿ ನೋಡಿದರು. ಕುಳಿತು ಹಾಕಿ ನೋಡಿದರೆ ಸಾಲದು, ಮಲಗಿದಾಗ ಮುಖದ ಮಾಂಸ ಜರುಗಿ ಅಳತೆ ಬದಲಾಗುತ್ತದೆ ಎಂದು ಅವರೇ ಹೇಳಿದ್ದು. ಕೊನೆಗೆ ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ, ಮೆತ್ತನೆಯ ಸಿಲಿಕಾನ್‌ನ ಪುಟ್ಟ ಮಾಸ್ಕ್ ನನಗೆ ಒಗ್ಗಿತು. ಮೀಸೆಯನ್ನು ಮೇಲಂಚಿನಲ್ಲಿ ಒಂದೆಳೆ ತೆಗೆಸಿದೆ. ಪೂರ್ತಿ ತೆಗೆಸುವ ಪ್ರಸಂಗ ಬರಲಿಲ್ಲ ಎಂಬುದು ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು. ಸದಾ ಕಟ್ಟಿಕೊಂಡಿರುತ್ತಿದ್ದ ಮೂಗಿಗೆ ಸ್ಪ್ರೇ ಕೊಟ್ಟರು, ಏಕೆಂದರೆ ಮೂಗು ಕಟ್ಟಿದ್ದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ಒತ್ತಡವೆಲ್ಲ ಸೋರಿಹೋಗುತ್ತದೆ. ಒತ್ತಡ ಕಡಿಮೆಯಿಂದ ಶುರುವಾಗಿ ನಿಧಾನವಾಗಿ ಏರುವಂತೆ, ಉಸಿರು ಬಿಡುವಾಗ ಸ್ವಲ್ಪ ಇಳಿಯುವಂತೆ ಹೊಂದಿಸಿದ ಮೇಲೆ ತೇಗು ನಿಂತಿತು. ಕೊಳವೆಯ ನೀರಿನ ಸಮಸ್ಯೆಯನ್ನು ಬಗೆಹರಿಸಿದ್ದು ಪತ್ನಿ: ಹಳೆಯ ಉಣ್ಣೆಯ ಶಾಲನ್ನು ಉದ್ದುದ್ದ ಕತ್ತರಿಸಿ ಕೊಳವೆಗೆ ಗವಸು ಹೊಲಿದು, ಯಂತ್ರವನ್ನು ಮಂಚದ ಮಟ್ಟಕ್ಕಿಂತ ಕೆಳಗಿಟ್ಟಳು. ಗುಳುಗುಳು ನಿಂತಿತು.

ಇನ್ನೊಂದು ಉಪಾಯವೂ ಕೆಲಸಕ್ಕೆ ಬಂತು. ಸಂಜೆ ವಾರ್ತೆ ನೋಡುವಾಗ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕುಳಿತಿರಲು ಹೇಳಿದ್ದರು. ಕತ್ತಲೆಯಲ್ಲಿ ಮಲಗಿ ಹೊಸದಾಗಿ ಎದುರಿಸಿದರೆ ಉಸಿರು ಕಟ್ಟಿಸುವ ಭೂತದಂತೆ ಕಾಣುವ ವಸ್ತು, ಬೆಳಕಿನಲ್ಲಿ ಮನೆಮಂದಿಯ ನಡುವೆ ಕುಳಿತಾಗ ಕನ್ನಡಕದಷ್ಟು ಸಾಮಾನ್ಯವಾಗುತ್ತದೆ. ಮೊದಲ ದಿನ ನಕ್ಕ ಮಗಳು ನಾಲ್ಕನೆಯ ದಿನ ನನ್ನತ್ತ ನೋಡಲೂ ಇಲ್ಲ.

ಯಂತ್ರದಲ್ಲಿ ಪ್ರತಿ ರಾತ್ರಿಯ ಲೆಕ್ಕ ದಾಖಲಾಗುತ್ತದೆ: ಎಷ್ಟು ಗಂಟೆ ಬಳಸಿದೆ, ಎಷ್ಟು ಸೋರಿತು, ಉಳಿದಿರುವ ಎಎಚ್‌ಐ ಎಷ್ಟು. ಈಗ ನನ್ನದು ಎರಡರ ಆಸುಪಾಸಿನಲ್ಲಿದೆ. ಲೆಕ್ಕದವನಾದ ನನಗೆ ಈ ಅಂಕಿಗಳ ಮೇಲೆ ಅತಿಯಾದ ಮೋಹವಿದೆಯೆಂದು ಪತ್ನಿಯ ಆಕ್ಷೇಪ. ಆದರೆ ಗಂಟೆಗಳ ಲೆಕ್ಕ ನಿಜಕ್ಕೂ ಮುಖ್ಯ. ರಾತ್ರಿಗೆ ನಾಲ್ಕು ಗಂಟೆಯಂತೆ ಶೇ 70ರಷ್ಟು ರಾತ್ರಿ ಬಳಸಿದರೆ ಸರಿಯಾಗಿ ಬಳಸಿದಂತೆ ಎಂದು ವೈದ್ಯಕೀಯದಲ್ಲಿ ಗಣಿಸುವ ರೂಢಿಯಿದೆ. ನನಗೆ ಇದು ಪಾಸು ಅಂಕದಂತೆ ಕಾಣುತ್ತದೆ. ಕನಸು ಕಾಣುವ ಹಂತದ ನಿದ್ದೆಯಲ್ಲಿ ಸ್ನಾಯುಗಳು ಅತಿ ಸಡಿಲವಾಗಿ ತೊಂದರೆ ಹೆಚ್ಚುತ್ತದೆ, ಆ ಹಂತ ಹೆಚ್ಚಾಗಿ ಬರುವುದು ಬೆಳಗಿನ ಜಾವಕ್ಕೆ. ಎರಡು ಗಂಟೆಗೆ ಮಾಸ್ಕ್ ತೆಗೆದಿಟ್ಟರೆ ಬೇಕಾದ ಹೊತ್ತಿನಲ್ಲೇ ಕೊಡೆ ಮಡಚಿದಂತಾಯಿತು. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆಯಿದ್ದ ಸುಮಾರು 2,700 ಜನರಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದದ್ದು ಕಾಣಲಿಲ್ಲ. ಇದನ್ನು ಓದಿ ಯಂತ್ರವೇ ವ್ಯರ್ಥವೆಂದು ನನ್ನ ಗೆಳೆಯರೊಬ್ಬರು ವಾದಿಸಿದರು. ಅದೇ ಅಧ್ಯಯನದಲ್ಲಿ ಜನ ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದನ್ನು ಅವರು ಗಮನಿಸಿರಲಿಲ್ಲ. ಅಷ್ಟು ಕಡಿಮೆ ಬಳಕೆಯಲ್ಲೂ ಹಗಲಿನ ತೂಕಡಿಕೆ ಇಳಿದಿತ್ತು, ಮನಸ್ಸಿನ ಗೆಲುವು ಹೆಚ್ಚಿತ್ತು. ಯಂತ್ರ ಹೃದಯಾಘಾತವನ್ನು ತಡೆಯುತ್ತದೆಂದು ನಾನು ಹೇಳಲಾರೆ. ಆನಂದಪುರದ ರಸ್ತೆಯಲ್ಲಿ ನಾನು ಎಚ್ಚರವಿರುತ್ತೇನೆಂದು ಮಾತ್ರ ಹೇಳಬಲ್ಲೆ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಯಂತ್ರಕ್ಕೆ ನಾನು ಕೊಟ್ಟದ್ದು 42,000 ರೂಪಾಯಿ, ಆಮೇಲೆ ಕೊಂಡ ಸರಿಯಾದ ಮಾಸ್ಕಿಗೆ 5,500. ವಿಮಾ ಕಂಪನಿ ಪರೀಕ್ಷೆಯ ಖರ್ಚನ್ನು ಅರ್ಧ ಕೊಟ್ಟು, ಯಂತ್ರ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಎರಡು ಸಾಲಿನ ಪತ್ರ ಬರೆಯಿತು. ಮೂರು ಮಾತ್ರೆಗಳಿಗೆ ತಿಂಗಳು ತಿಂಗಳೂ ಸುರಿಯಬಹುದು, ಅವುಗಳಿಗೆ ಕಾರಣವಾದದ್ದಕ್ಕೆ ಒಮ್ಮೆ ಸುರಿಯುವುದು ಯಾರ ಪಟ್ಟಿಯಲ್ಲೂ ಇಲ್ಲ. ಕೊಳ್ಳುವ ಮೊದಲು ಒಂದು ತಿಂಗಳು ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳುವುದು ಜಾಣತನ, ನಾನು ಕೇಳಲಿಲ್ಲ.

ತೊಟ್ಟಿಗೆ ಹಾಕಲು ಭಟ್ಟಿ ಇಳಿಸಿದ ನೀರು ಬೇಕು. ಇನ್‌ವರ್ಟರಿಗೆ ಹಾಕುವ ಬ್ಯಾಟರಿ ನೀರನ್ನೇ ಹಾಕಿದರಾಯಿತೆಂದು ನಾನು ಕ್ಯಾನು ತಂದಿದ್ದೆ. ಉಸಿರಿಗೆ ಹೋಗುವ ನೀರು, ಬ್ಯಾಟರಿಗೆಂದು ತುಂಬಿಸಿದ್ದು ಬೇಡ, ಔಷಧದ ಅಂಗಡಿಯಲ್ಲಿ ಸಿಗುವುದನ್ನು ತನ್ನಿ ಎಂದು ತಂತ್ರಜ್ಞೆ ತಡೆದರು. ಪ್ರತಿದಿನ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ತೊಟ್ಟಿಯನ್ನು ಬೋರಲು ಹಾಕುತ್ತೇನೆ, ಮಾಸ್ಕಿನ ಮೆತ್ತೆಗೆ ಅಂಟಿದ ಮುಖದ ಜಿಡ್ಡನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಇನ್‌ವರ್ಟರಿನಲ್ಲಿ ನಡೆಯುತ್ತದೆ. ನೀರು ಬಿಸಿ ಮಾಡುವುದನ್ನು ಆರಿಸಿದರೆ ವಿದ್ಯುತ್ ಬಹಳ ಕಡಿಮೆ ಸಾಕು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವುದನ್ನು ನಿಲ್ಲಿಸಿ ಹಗಲಿನ ರೈಲು ಹಿಡಿಯುತ್ತಿದ್ದೇನೆ. ಅದರಿಂದ ಸಹಪ್ರಯಾಣಿಕರಿಗೂ ಉಪಕಾರವಾಗಿದೆ.

ಯಂತ್ರವೊಂದೇ ದಾರಿಯಲ್ಲ. ಬೆನ್ನ ಮೇಲೆ ಮಲಗಿದಾಗ ಮಾತ್ರ ತೊಂದರೆಯಾಗುವ ಸೌಮ್ಯ ಸ್ಥಿತಿಯವರಿಗೆ ಮಗ್ಗುಲಾಗಿ ಮಲಗುವುದೇ ದೊಡ್ಡ ಚಿಕಿತ್ಸೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ಇಟ್ಟುಕೊಳ್ಳುವ ಹಳೆಯ ಉಪಾಯವನ್ನು ನಾನೂ ಮಾಡಿ ನೋಡಿದ್ದೆ, ನನ್ನಂಥ ತೀವ್ರ ಸ್ಥಿತಿಗೆ ಅದು ಸಾಲಲಿಲ್ಲ. ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ, ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಸಾಧನ ಸೌಮ್ಯ ಮತ್ತು ಮಧ್ಯಮ ಸ್ಥಿತಿಯವರಿಗೆ, ಮಾಸ್ಕ್ ಒಗ್ಗದವರಿಗೆ ಒಳ್ಳೆಯದು. ಅಂಗುಳ, ಗಂಟಲುಗಳ ಶಸ್ತ್ರಕ್ರಿಯೆಯ ಫಲ ಎಲ್ಲರಲ್ಲಿ ಒಂದೇ ರೀತಿ ಇರುವುದಿಲ್ಲವಾದ್ದರಿಂದ ತಡೆ ಎಲ್ಲಿದೆಯೆಂದು ಖಚಿತವಾದ ಮೇಲೆಯೇ ಮುಂದುವರಿಯುತ್ತಾರೆ. ತೂಕದ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತೂಕ ಶೇ 10ರಷ್ಟು ಏರಿದರೆ ಎಎಚ್‌ಐ ಸುಮಾರು ಶೇ 32ರಷ್ಟು ಏರುತ್ತದೆ, ಅಷ್ಟೇ ತೂಕ ಇಳಿದರೆ ಸುಮಾರು ಶೇ 26ರಷ್ಟು ಇಳಿಯುತ್ತದೆ. ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಸ್ಲೀಪ್ ಅಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರಿನಲ್ಲಿ ಒಪ್ಪಿದರು; ಭಾರತದಲ್ಲಿ ಅದು 2025ರ ಮಾರ್ಚ್‌ನಿಂದ ಮಧುಮೇಹ ಮತ್ತು ತೂಕಕ್ಕಾಗಿ ಸಿಗುತ್ತಿದೆ. ಬೆಲೆ ನನ್ನಂಥವರ ಕೈಗೆಟುಕುವಂಥದ್ದಲ್ಲ.

ನಮ್ಮ ಪುರೋಹಿತರಿಗೆ ತುಂಬ ಇಷ್ಟವಾದ ಸುದ್ದಿ ಬೇರೆಯದು. 2025ರಲ್ಲಿ ಜೈಪುರದ ವೈದ್ಯರು ಮಧ್ಯಮ ಸ್ಥಿತಿಯ 30 ರೋಗಿಗಳಲ್ಲಿ ಕೆಲವರಿಗೆ ಆರು ತಿಂಗಳು ಶಂಖ ಊದಿಸಿ, ಅವರಲ್ಲಿ ಹಗಲಿನ ತೂಕಡಿಕೆಯೂ ಉಸಿರುಗಟ್ಟುವ ಪ್ರಸಂಗಗಳೂ ಸ್ವಲ್ಪ ಕಡಿಮೆಯಾದದ್ದನ್ನು ವರದಿ ಮಾಡಿದರು. ಆಸ್ಟ್ರೇಲಿಯಾದ ಆದಿವಾಸಿಗಳ ಡಿಜೆರಿಡೂ ಎಂಬ ಉದ್ದ ಕೊಳವೆಯ ವಾದ್ಯ ನುಡಿಸಿದವರಲ್ಲಿ ಇಂಥದೇ ಫಲ ಕಂಡಿದ್ದನ್ನು 2006ರಲ್ಲಿಯೇ ಸ್ವಿಟ್ಜರ್ಲೆಂಡಿನವರು ಪ್ರಕಟಿಸಿದ್ದರು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮವಾಗುವುದು ಇದರ ಹಿಂದಿನ ತರ್ಕ. ಎರಡೂ ಬಹಳ ಚಿಕ್ಕ ಅಧ್ಯಯನಗಳು. ಎಎಚ್‌ಐ 38 ಇರುವವನು ಯಂತ್ರ ಬದಿಗಿಟ್ಟು ಶಂಖ ಹಿಡಿಯುವಂತಿಲ್ಲ. ಆದರೂ ಪೂಜೆಯ ಹೊತ್ತಿಗೆ ನಾನೀಗ ಶಂಖ ಊದುತ್ತೇನೆ, ಅಕ್ಕಪಕ್ಕದವರು ಸಹಿಸಿಕೊಂಡಿದ್ದಾರೆ.

ಇಷ್ಟೆಲ್ಲದರ ಫಲವಾಗಿ ಒಂದೂವರೆ ವರ್ಷದಲ್ಲಿ ನನ್ನ ರಕ್ತದೊತ್ತಡದ ಮಾತ್ರೆಗಳು ಮೂರರಿಂದ ಎರಡಕ್ಕೆ ಇಳಿದಿವೆ. ಅದರ ಪೂರ್ತಿ ಶ್ರೇಯಸ್ಸನ್ನು ಯಂತ್ರಕ್ಕೆ ಕೊಡಬೇಡಿ, ಅದರಿಂದ ಒತ್ತಡ ಸಾಮಾನ್ಯವಾಗಿ ಸ್ವಲ್ಪವೇ ಇಳಿಯುವುದು, ನೀವು ಏಳು ಕಿಲೋ ಇಳಿಸಿದ್ದಕ್ಕೂ ಪಾಲಿದೆ ಎಂದು ವೈದ್ಯರು ಎಚ್ಚರಿಸಿದ್ದಾರೆ. ರಾತ್ರಿ ಮೂತ್ರಕ್ಕೆ ಏಳುವುದು ಮಾತ್ರ ಮಾಸ್ಕ್ ಒಗ್ಗಿದ ಮೊದಲ ವಾರದಲ್ಲೇ ನಿಂತಿತು. ಪತ್ನಿಗೆ ಆರಂಭದಲ್ಲಿ ಬೇರೆ ತೊಂದರೆಯಾಯಿತು. ಇಪ್ಪತ್ತು ವರ್ಷ ಗೊರಕೆಗೆ ಹೊಂದಿಕೊಂಡಿದ್ದ ಅವಳ ಕಿವಿಗೆ ಹೊಸ ನಿಶ್ಶಬ್ದವೇ ಅಪಾಯದ ಸೂಚನೆಯಂತೆ ಕೇಳಿಸಿ, ನಡುರಾತ್ರಿ ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಅದು ನಿಲ್ಲಲು ಎರಡು ತಿಂಗಳು ಬೇಕಾಯಿತು.

ಕಳೆದ ವಾರ ಅಕ್ಕ ಮತ್ತು ಭಾವ ಬಂದಿದ್ದರು. ರಾತ್ರಿ ಹಜಾರದಲ್ಲಿ ಮಲಗಿದ್ದ ಭಾವನ ಗೊರಕೆ ಒಳಕೋಣೆಯವರೆಗೂ ಕೇಳಿಸುತ್ತಿತ್ತು. ನಾನು ಮಾಸ್ಕ್ ಹಾಕಿಕೊಳ್ಳಬೇಕೆನ್ನುವಾಗ ಅದು ಥಟ್ಟನೆ ನಿಂತಿತು. ಕೈಯಲ್ಲಿ ಮಾಸ್ಕ್ ಹಿಡಿದುಕೊಂಡೇ ಎಣಿಸಿದೆ, 31. ಎದ್ದುಹೋಗಿ ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ಹತ್ತು ನಿಮಿಷ ಚಿತ್ರೀಕರಿಸಿದೆ. ಹೊದಿಕೆಯ ಕೆಳಗೆ ಹೊಟ್ಟೆ ಎಳೆದಾಡುತ್ತಿದ್ದುದೂ ಬಾಯಿಂದ ಗಾಳಿ ಹೊರಡದಿದ್ದುದೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬೆಳಿಗ್ಗೆ ಕಾಫಿಯ ಹೊತ್ತಿಗೆ ತೋರಿಸಿದರೆ, "ಬಸ್ಸಿನಲ್ಲಿ ಬಂದ ದಣಿವು ಮಾರಾಯ, ಅಷ್ಟೇ" ಎಂದರು. ನಾನು ಅಕ್ಕನ ಮುಖ ನೋಡಿದೆ. ಅವಳು ಏನೂ ಹೇಳದೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು, ಅವಳಿಗೆ ಎಲ್ಲ ಗೊತ್ತಿತ್ತು. ಎಪ್ವರ್ತ್ ಹಾಳೆಯನ್ನು ಭಾವನ ಕೈಗೆ ಕೊಡದೆ ಅವಳ ಕೈಗೇ ಕೊಟ್ಟು ಬಂದೆ, 17 ಬಂತು. ಮುಂದಿನ ಭಾನುವಾರ ರಾತ್ರಿ ಶಿವಮೊಗ್ಗದಲ್ಲಿ ಅವರ ಪರೀಕ್ಷೆ. ಅಂದು ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಡಿ ಭಾವ ಎಂದು ನಿನ್ನೆಯೂ ಫೋನು ಮಾಡಿ ಹೇಳಿದ್ದೇನೆ.